ಆಯಿಯನ್ನು ಜಲಪಾತಕ್ಕೆ ಕಳಿಸಿದ್ದು

ಹಸಿ ಗೋಡೆಯ ವಾಸನೆ ಬಂದರೆ ಜನರಿಗೆ ಹೊಸ ಮನೆ ನೆನಪಾಗುತ್ತದೆ, ಗೃಹಪ್ರವೇಶದ ಹುಗ್ಗಿ ನೆನಪಾಗುತ್ತದೆ. ನನಗೆ ಜಲಪಾತ ನೆನಪಾಗುತ್ತದೆ. ಇದು ಮೂಗಿನ ದೋಷವಲ್ಲ, ಮನೆತನದ ದೋಷ. ಮೊನ್ನೆ ನಮ್ಮ ಓಣಿಯಲ್ಲಿ ಯಾರೋ ಗೋಡೆ ಕಟ್ಟಿಸುತ್ತಿದ್ದರು. ಕಲಸಿಟ್ಟ ಕೆಸರು, ನೀರು ಹೀರಿದ ಇಟ್ಟಿಗೆ, ಅವೆರಡರ ನಡುವೆ ಹುಟ್ಟುವ ಆ ತಣ್ಣನೆಯ ವಾಸನೆ ಕಿಟಕಿ ದಾಟಿ ಬಂದದ್ದೇ ತಡ, ಒಲೆಯ ಮೇಲಿಟ್ಟ ಚಹಾ ಮರೆತು ನಿಂತುಬಿಟ್ಟೆ. ಅಂದು ಸಂಜೆ ಕಾಕಾನ ಮೊಮ್ಮಗ ಫೋನು ಮಾಡಿದ. "ಅತ್ತೀ, ಬರೂ ಐತಾರ ಚಿಂಚೋಳಿ ಕಡಿ ಜಲಪಾತಕ್ಕ ಹೊಂಟೇವಿ. ಮುಂಜಾನಿ ಹೋಗಿ ಸಂಜೀಕ ವಾಪಸ. ನೀನೂ ಬಾ. ಏರು ಭಾಳ ಇಲ್ಲ, ಮೀಡಿಯಂ ಅದ," ಎಂದ. ಇದೇ ಜಲಪಾತದ ಬಗ್ಗೆ, ಇದೇ ಶಬ್ದವನ್ನು, ಇದೇ ಉತ್ಸಾಹದಲ್ಲಿ ಅವನ ಮುತ್ಯಾ, ಅಂದರೆ ನನ್ನ ಕಾಕಾ, ನನಗೆ ಹೇಳಿದ್ದನೆಂಬುದು ಪಾಪ ಹುಡುಗನಿಗೆ ಗೊತ್ತಿಲ್ಲ. "ಮನ್ಯಾಗ ಯಾರು ಇರ್ತಾರ?" ಎಂದು ಕೇಳಿದೆ. "ಯಾಕತ್ತಿ?" ಎಂದ. ಅದರ ಉತ್ತರ ಫೋನಿನಲ್ಲಿ ಹೇಳುವಷ್ಟು ಸಣ್ಣದಾಗಿರಲಿಲ್ಲ.

ಓದುಗರನ್ನು ಕೊನೆಯತನಕ ಕತ್ತಲಲ್ಲಿ ಕೂರಿಸುವ ಇಚ್ಛೆ ನನಗಿಲ್ಲ. ಆ ಕೆಲಸವನ್ನು ನಮ್ಮ ಮನೆಯ ಹಿರಿಯರು ಒಮ್ಮೆ ಚೆನ್ನಾಗಿ ಮಾಡಿ ಮುಗಿಸಿದ್ದಾರೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಆಯಿಯನ್ನು, ಅಂದರೆ ಅಪ್ಪನ ತಾಯಿಯನ್ನು, ಜಲಪಾತ ನೋಡಲು ಕಳಿಸಿ, ಅವಳು ತಿರುಗಿ ಬರುವುದರೊಳಗೆ ಮನೆಯ ನಡುವೆ ಗೋಡೆ ಎಬ್ಬಿಸಿದರು. ಕಳಿಸಿದವರು ಅವಳ ಇಬ್ಬರು ಗಂಡುಮಕ್ಕಳು. ಕರೆದುಕೊಂಡು ಹೋದವಳು ನಾನು.

ಆ ಮನೆ ಆಳಂದದಲ್ಲಿತ್ತು. ಮಣ್ಣಿನ ಮಾಳಿಗೆಯ, ದಪ್ಪ ಗೋಡೆಗಳ, ಬೇಸಿಗೆಯಲ್ಲೂ ಒಳಗೆ ಕಾಲಿಟ್ಟರೆ ಹಣೆಯ ಬೆವರು ಆರುವಂಥ ಮನೆ. ಬಾಗಿಲು ದಾಟಿದರೆ ಪಡಸಾಲೆ. ಅಲ್ಲಿ ತೊಗರಿ ಚೀಲಗಳ ಧೂಳು, ಕುಸುಬಿ ಎಣ್ಣೆಯ ಜಿಡ್ಡು, ಬೆಳಿಗ್ಗೆ ಸಾರಿಸಿದ ಸೆಗಣಿಯ ತಂಪು ಒಂದರ ಮೇಲೊಂದು ಕೂತು, ಈಗ ಯಾವ ಅಂಗಡಿಯಲ್ಲೂ ಸಿಗದ ಒಂದು ವಾಸನೆಯಾಗಿತ್ತು. ಹಿಂದೆ ಅಡುಗೆಮನೆ, ಅದರಲ್ಲಿ ಒಂದೇ ಒಲೆ. ಅವ್ವ ಮತ್ತು ಕಾಕಾನ ಹೆಂಡತಿ ಕಾಕು ಆ ಒಲೆಯ ಎರಡು ಬದಿಗೆ ಕೂತು ರೊಟ್ಟಿ ಬಡಿಯುತ್ತಿದ್ದರೆ ಇಬ್ಬರ ಸಿಟ್ಟೂ ಹಿಟ್ಟಿನ ಮೇಲೆಯೇ ಕಳೆದುಹೋಗುತ್ತಿತ್ತು. ಕೆಲವು ವರ್ಷ ಹಾಗೆ ಕಳೆದುಹೋಯಿತು, ಆಮೇಲೆ ಹೋಗಲಿಲ್ಲ. ಕಾರಣಗಳನ್ನು ಬರೆಯುವುದಿಲ್ಲ. ಮನೆ ಒಡೆಯುವ ಕಾರಣಗಳು ಎಲ್ಲ ಮನೆಗಳಲ್ಲೂ ಒಂದೇ ಅಳತೆಯವು, ತುಸು ಹೆಚ್ಚು ಕಡಿಮೆ ಒಂದು ಹಿತ್ತಾಳೆಯ ಕೊಡಪಾನದಷ್ಟು ದೊಡ್ಡವು.

ಆ ಬೇಸಿಗೆಯಲ್ಲಿ ಒಂದು ಮುಂಜಾನೆ ಅಪ್ಪ ಮತ್ತು ಕಾಕಾ ಗೌಂಡಿಯನ್ನು ಕರೆಸಿ ಪಡಸಾಲೆಯ ಉದ್ದಕ್ಕೆ ಒಂದು ದಾರ ಎಳೆಸಿದರು. ಗೋಡೆ ಎಲ್ಲಿ ಬರಬೇಕೆಂದು ತೋರಿಸುವ ದಾರ. ಆಯಿ ಹಿತ್ತಲಿಂದ ಬಂದಳು, ದಾರ ನೋಡಿದಳು. ಚಾಪೆ ತಂದು ಸರಿಯಾಗಿ ದಾರದ ಮೇಲೆ ಹಾಸಿ, ಮೊರದಲ್ಲಿ ತೊಗರಿ ಸುರುವಿಕೊಂಡು ಹಸನು ಮಾಡುತ್ತ ಕೂತಳು. ಊಟದ ಹೊತ್ತಾಯಿತು, ಅಲ್ಲೇ ಉಂಡಳು. ಗೌಂಡಿ ಕಟ್ಟೆಯ ಮೇಲೆ ಬೀಡಿ ಸೇದುತ್ತ ಕಾದು ಕಾದು, "ಆಯಿ, ಸ್ವಲ್ಪ ಆ ಕಡಿ ಸರಕೋರಿ," ಎಂದು ನೋಡಿದ. "ಗ್ವಾಡಿ ಕಟ್ಟೂದಿದ್ರ ನನ್ನ ಒಳಗಿಟ್ಟೇ ಕಟ್ಟೋ ತಮ್ಮಾ. ನನಗೇನು, ತಂಪಾಗ್ತದ," ಎಂದಳು ಆಯಿ. ಗೌಂಡಿ ಸಾಮಾನು ಎತ್ತಿಕೊಂಡು ಹೋದ. ಹೆತ್ತ ತಾಯಿಯನ್ನು ತೋಳು ಹಿಡಿದು ಎಬ್ಬಿಸುವಷ್ಟು ಧೈರ್ಯ ಅಪ್ಪನಿಗೂ ಇರಲಿಲ್ಲ, ಕಾಕಾನಿಗೂ ಇರಲಿಲ್ಲ. ನಮ್ಮ ಮನೆತನದ ಗಂಡಸರು ಸಂಭಾವಿತರು. ಎದುರಿಗೆ ನಿಂತು ಯಾರನ್ನೂ ನೋಯಿಸಿದವರಲ್ಲ.

ಅಂದಿನಿಂದ ಆಯಿ ಮನೆ ಬಿಟ್ಟು ಹೋಗುವುದನ್ನು ನಿಲ್ಲಿಸಿದಳು. ಅದು ಸಣ್ಣ ಮಾತಲ್ಲ. ಜಿಡಗಾ ಮಠಕ್ಕೆ ಚಪ್ಪಲಿಯಿಲ್ಲದೆ ನಡೆದು ಹೋಗಿ ಬರುತ್ತಿದ್ದ ಹೆಂಗಸು, ದಾರಿಯಲ್ಲಿ ಸಿಕ್ಕ ಗಾಡಿಯವರು ಹತ್ತೆಂದರೆ, "ನಿಮ್ಮ ಎತ್ತು ದಣದಾವ, ನೀವೇ ಇಳೀರಿ," ಎನ್ನುತ್ತಿದ್ದವಳು. ಈಗ ಬೀಗರ ಮನೆಯ ತೊಟ್ಟಿಲ ಶಾಸ್ತ್ರಕ್ಕೂ ಹೋಗಲಿಲ್ಲ. ಕೇಳಿದರೆ ಮೊಣಕಾಲು ಎನ್ನುತ್ತಿದ್ದಳು. ಮೊಣಕಾಲಿಗೆ ಏನೂ ಆಗಿರಲಿಲ್ಲ.

ಇಂಥ ದಿನಗಳಲ್ಲಿ ಕಾಕಾನಿಗೆ ನಿಸರ್ಗದ ಮೇಲೆ ಪ್ರೀತಿ ಹುಟ್ಟಿತು. ನನ್ನ ಕಾಕಾನ ಬಗ್ಗೆ ಎರಡು ಮಾತು ಹೇಳಬೇಕು. ನನಗೆ ಸೈಕಲ್ ಕಲಿಸಿದವನು ಅವನು, ಗಾಳಿಪಟಕ್ಕೆ ಬಾಲ ಎಷ್ಟಿರಬೇಕೆಂದು ತೋರಿಸಿದವನು ಅವನು, ಅಪ್ಪ ಗದರಿದಾಗ ನನ್ನ ಪರ ನಿಂತು ವಕೀಲಿ ಮಾಡಿದವನೂ ಅವನು. ಶಾಲೆಯಲ್ಲಿ ಸ್ಕೌಟ್ ಆಗಿದ್ದನಂತೆ. ಅದರ ಕುರುಹಾಗಿ ಒಂದು ಪೀಪಿ ಅವನ ಜೇಬಿನಲ್ಲಿ ಸದಾ ಇರುತ್ತಿತ್ತು. ಮಹಾನವಮಿಯ ಸೂಟಿ ಹತ್ತಿರ ಬಂದಾಗ ಅವನು ನನ್ನನ್ನೂ ತನ್ನ ಇಬ್ಬರು ಗಂಡುಮಕ್ಕಳನ್ನೂ ಮಾಳಿಗೆಯ ಮೇಲೆ ಸಾಲಾಗಿ ನಿಲ್ಲಿಸಿ, ಪೀಪಿ ಊದಿ, ಜಲಪಾತದ ಚಾರಣವನ್ನು ಘೋಷಿಸಿದ.

ನಾವು ಬಯಲುಸೀಮೆಯ ಮಕ್ಕಳು. ನಾನು ಕಂಡ ದೊಡ್ಡ ನೀರೆಂದರೆ ಅವ್ವನ ತವರು ಮಣ್ಣೂರಿನ ಭೀಮಾ ನದಿ. ಅದು ಮಲಗಿಕೊಂಡೇ ಹರಿಯುತ್ತದೆ, ಮಧ್ಯಾಹ್ನ ಉಂಡು ಅಡ್ಡಾದ ಹಿರಿಯರ ಹಾಗೆ. ಎದ್ದು ನಿಂತ ನೀರನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. "ಎಷ್ಟು ಎತ್ತರ ಅದ ಕಾಕಾ?" ಎಂದರೆ, "ನಮ್ಮ ಮನಿ ಮ್ಯಾಲ ಮನಿ, ಅದರ ಮ್ಯಾಲ ಮನಿ ಇಟ್ಟಂಗ," ಎಂದ. "ಏರಾಕ ಆಗ್ತದೇನು?" "ಭಾಳ ಏರೂ ಇಲ್ಲ, ಭಾಳ ಸಪಾಟೂ ಇಲ್ಲ. ಮೀಡಿಯಂ. ತಯಾರಿ ಇದ್ದವರಿಗಿ ಏನೂ ಅಲ್ಲ." ತಯಾರಿ ಎಂಬ ಶಬ್ದಕ್ಕೆ ಅವನು ಎರಡೂ ಕೈ ಎತ್ತಿದ.

ತಯಾರಿ ನಡೆಯಿತು. ಗುಡ್ಡವಿಲ್ಲದ ಊರಿನಲ್ಲಿ ಗುಡ್ಡ ಹತ್ತುವುದನ್ನು ಕಲಿಸುವುದು ಸುಲಭವಲ್ಲ, ಕಾಕಾ ಎದೆಗುಂದಲಿಲ್ಲ. ದಿನಾ ಬೆಳಿಗ್ಗೆ ಕಣಿಕೆಯ ಬಣವೆ ಹತ್ತಿಸಿ ಇಳಿಸಿದ. ಬಣವೆ ಕುಸಿದು ಅವನ ಕಿರಿಯ ಮಗ ಕುತ್ತಿಗೆಯತನಕ ಹೂತುಹೋದಾಗ, "ಗುಡ್ಡದಾಗ ಹಿಂಗೂ ಆಗ್ತದ, ರೂಢಿ ಇರಲಿ," ಎಂದ. ಬೆನ್ನ ಮೇಲೆ ಜೋಳ ತುಂಬಿದ ಚೀಲ ಕಟ್ಟಿಸಿ ಮಾಳಿಗೆಯ ಮೆಟ್ಟಿಲು ಹತ್ತಿಸಿದ. ಬಾವಿಯ ಹಗ್ಗ ಬಿಚ್ಚಿ ಮೂವರ ನಡುವಿಗೂ ಕಟ್ಟಿ ಓಣಿಯಲ್ಲಿ ನಡೆಸಿದಾಗ ಎದುರುಮನೆಯ ಖಾಜಾ ಮಾಮಾ ಕಟ್ಟೆಯ ಮೇಲಿಂದ, "ಕ್ಯಾ ಭಾಯಿ, ಮಕ್ಕಳಿಗಿ ಸಂತಿಗಿ ಹೊಡಕೊಂಡು ಹೊಂಟೀಯೇನು?" ಎಂದು ಕೂಗಿದ. ಜೀಪು ಖಾಜಾ ಮಾಮಾನದು, ಚಾಲಕನೂ ಅವನೇ. ದಂಡಯಾತ್ರೆಯ ರಥಸಾರಥಿಯಾಗಿ ಅವನ ನೇಮಕ ಆಗಲೇ ಆಗಿತ್ತು. ಮಾಳಿಗೆಯ ಮೇಲೆ ಕಾಕಾ ಇದ್ದಿಲಿನಿಂದ ನಕಾಶೆ ಬರೆದ: ಇಲ್ಲಿ ಜೀಪು ನಿಲ್ಲುತ್ತದೆ, ಇಲ್ಲಿ ಹಳ್ಳ ದಾಟುವುದು, ಇಲ್ಲಿ ದಣಿವಾರಿಸಿಕೊಳ್ಳುವುದು, ಇಲ್ಲಿ ಬುತ್ತಿ ಬಿಚ್ಚುವುದು. ಅಪ್ಪ ಕೂಡ ಮೇಲೆ ಬಂದು ನಕಾಶೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು, "ಮುಂಜಾನಿ ಲಗೂ ಬಿಡ್ರಿ, ಸಂಜಿಗಿ ಸಾವಕಾಶ ಬರ್ರಿ," ಎಂದ. ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಒಂದೇ ಇದ್ದಿಲಿನ ಗೆರೆಯ ಮೇಲೆ ಬಗ್ಗಿ ಕೂತದ್ದನ್ನು ನೋಡಿ ನನಗಾದ ಸುಖ ಅಷ್ಟಿಷ್ಟಲ್ಲ. ಬನ್ನಿ ಕೊಡುವ ದಿನ ಇಬ್ಬರೂ ಎಲೆ ಬದಲಿಸಿಕೊಂಡು, ಬಂಗಾರದಂತೆ ಇರೋಣವೆಂದು ಅಪ್ಪಿಕೊಂಡರು. ಆಯಿ ಕಣ್ಣೊರೆಸಿಕೊಂಡಳು. ನೋಡಿದೆಯಾ, ಜಲಪಾತ ಇನ್ನೂ ಕಂಡಿಲ್ಲ, ಆಗಲೇ ಮನೆ ಕೂಡುತ್ತಿದೆ ಎಂದು ನಾನು ನನಗೇ ಹೇಳಿಕೊಂಡೆ. ಅವರು ಆಗ ಕೂಡಿ ಮಾಡುತ್ತಿದ್ದ ಕೆಲಸ ಒಂದೇ, ಅದು ಬೇರೆಯಾಗುವ ಕೆಲಸ ಎಂದು ಒಂಬತ್ತು ವರ್ಷದ ತಲೆಗೆ ಹೇಗೆ ಹೊಳೆಯಬೇಕು?

ಮಾರನೆಯ ದಿನ ಕಾಕಾ ನನ್ನನ್ನು ಪಕ್ಕಕ್ಕೆ ಕರೆದ. "ಆಯಿ ಬರಲಿಲ್ಲಂದ್ರ ಶೋಭಾ ಇಲ್ಲ. ಮನಿಗಿ ಹಿರ್ಯಾಕಿ. ನಾ ಕರದ್ರ ಒಲ್ಲೆ ಅಂತಾಳ. ನೀ ಕರಿ. ನೀ ಕರದ್ರ ಇಲ್ಲ ಅನ್ನೂದಿಲ್ಲ." ಅವನ ಎಣಿಕೆ ಸರಿಯಾಗಿತ್ತು. ಅವನು ಒಳ್ಳೆಯ ಸ್ಕೌಟ್. ಯಾವ ಹಗ್ಗ ಎಷ್ಟು ಭಾರ ತಾಳುತ್ತದೆಂದು ಗೊತ್ತಿತ್ತು.

ಆಯಿ ಅಷ್ಟು ಸಲೀಸಾಗಿ ಒಪ್ಪಲಿಲ್ಲ. "ನೀರು ಮ್ಯಾಲಿಂದ ಬೀಳೂದು ನೋಡಾಕ ಅಷ್ಟು ದೂರ ಯಾಕ ಬೇ? ಮಳಿಗಾಲದಾಗ ನಮ್ಮ ಮಾಳಗಿ ಸೋರೂದು ನೋಡಿಲ್ಲೇನು?" ಎಂದಳು. ನಾನು ಅಳತೊಡಗಿದೆ. ಆಯಿ ನನ್ನ ಜಡೆ ಬಿಚ್ಚಿ ಮತ್ತೆ ಹೆಣೆಯತೊಡಗಿದಳು. ಆಮೇಲೆ ಕೇಳಿದಳು: "ಮನ್ಯಾಗ ಯಾರು ಇರ್ತಾರ?"

"ಅಪ್ಪ, ಅವ್ವ, ಕಾಕು."

"ನಿಮ್ಮ ಕಾಕಾ?"

"ಕಾಕಾ ಇಲ್ದ ಹ್ಯಾಂಗ? ಅವನೇ ಲೀಡರ್. ಅವ ನಮ್ಮ ಕೂಡ ಬರ್ತಾನ."

ಆಯಿಯ ಕೈ ನನ್ನ ಕೂದಲಲ್ಲಿ ಹಗುರವಾದದ್ದು ನನಗೆ ಈಗಲೂ ನೆತ್ತಿಯ ಮೇಲೆ ಗೊತ್ತಾಗುತ್ತದೆ. ಒಬ್ಬ ಮಗ ತನ್ನ ಜೊತೆಗಿದ್ದರೆ ಇನ್ನೊಬ್ಬ ಮಗ ಒಬ್ಬನೇ ಮನೆ ಒಡೆಯಲಾರ. ಪಾಲಿಗೆ ಇಬ್ಬರೂ ನಿಲ್ಲಬೇಕು. "ಹಂಗಾದ್ರ ನಡಿ, ಬರ್ತೇನಿ," ಎಂದಳು.

ಹೊರಡುವ ಮುಂಜಾನೆ ಖಾಜಾ ಮಾಮಾ ಜೀಪನ್ನು ಬಾಗಿಲಿಗೇ ತಂದು ನಿಲ್ಲಿಸಿದ್ದ. ಆಯಿ ಇಳಕಲ್ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿ, ಮುಂದಿನ ಸೀಟಿನಲ್ಲಿ ಕೂತಾಗಿತ್ತು. ಅವ್ವ ಒಂದು ಬುತ್ತಿಯ ಗಂಟು ತಂದಿಟ್ಟಳು, ಕಾಕು ಇನ್ನೊಂದು ತಂದಿಟ್ಟಳು. ನಾವು ಹುಡುಗರು ಹಗ್ಗ, ಕೋಲು, ನೀರಿನ ತತ್ರಾಣಿ ಹಿಡಿದು ಹಿಂದೆ ತುಂಬಿಕೊಂಡೆವು. ಆಗ ಕಾಕಾ ಹೊಟ್ಟೆ ಹಿಡಿದುಕೊಂಡು ಹೊಸ್ತಿಲ ಮೇಲೆ ಕುಸಿದು ಕೂತ. ಮುಖ ಕಿವುಚಿದ. ಬೆವರು ಕೂಡ ಬಂದಿತ್ತು. ಅದು ನಿಜವಾದ ಬೆವರೇ, ಅದರ ಕಾರಣ ಮಾತ್ರ ಹೊಟ್ಟೆಯಲ್ಲಿರಲಿಲ್ಲ. "ನನ್ನ ಸಲುವಾಗಿ ನಿಲ್ಲಬ್ಯಾಡ್ರಿ, ನೀವು ನಡೀರಿ," ಎಂದವನೇ ಪೀಪಿ ತೆಗೆದು ನನ್ನ ಕೊರಳಿಗೆ ಹಾಕಿ, "ಇವತ್ತಿಗಿ ನೀನ ಲೀಡರ್," ಎಂದ. ಆಯಿ ಇಳಿಯಲು ಹೊರಟಳು. ಖಾಜಾ ಮಾಮಾ, "ಕುಂದರ್ರಿ ಅಮ್ಮಾ, ಬಿಸಿಲು ಏರ್ತದ," ಎಂದು ಗಾಡಿ ಚಾಲೂ ಮಾಡಿದ. ನಾನು ಹಿಂದಿನಿಂದ ಅವಳ ಸೆರಗು ಹಿಡಿದು, "ಬಾ ಆಯಿ, ಬಾ ಆಯಿ," ಎಂದೆ. ಆಯಿ ನನ್ನ ಮುಖ ನೋಡಿದಳು, ಕೊರಳಿನ ಪೀಪಿ ನೋಡಿದಳು, ಮತ್ತೆ ಕೂತಳು. ಜೀಪು ತಿರುವು ದಾಟುವ ತನಕ ಕುತ್ತಿಗೆ ಹೊರಚಾಚಿ ಕೂಗುತ್ತಲೇ ಇದ್ದಳು: "ಅವಗ ಅಜವಾನ ಕುದಿಸಿ ಕೊಡ್ರೆ, ಬಿಸಿಬಿಸಿ ಕೊಡ್ರಿ!"

ಕಲಬುರಗಿ ದಾಟಿದ ಮೇಲೆ ನೆಲ ಮೆಲ್ಲಗೆ ಮೈ ಮುರಿಯತೊಡಗಿತು. ಕರಿಮಣ್ಣು ಹೋಗಿ ಕೆಂಪು ಮಣ್ಣು ಬಂತು. ಜೀಪು ನಿಂತಲ್ಲಿ ಆಯಿ ಇಳಿದು ಒಂದು ಚಿಟಿಕೆ ಮಣ್ಣು ಎತ್ತಿ ಮೂಸಿ, "ಇದಕ್ಕ ಜ್ವಾಳ ಬರೂದಿಲ್ಲ," ಎಂದು ತೀರ್ಪು ಕೊಟ್ಟು ನಡೆಯತೊಡಗಿದಳು. ಕಾಕಾನ ನಕಾಶೆಯಲ್ಲಿದ್ದ ಹಳ್ಳ ಅಲ್ಲಿ ಇರಲಿಲ್ಲ, ನಕಾಶೆಯಲ್ಲಿಲ್ಲದ ಮುಳ್ಳುಕಂಟಿ ಇತ್ತು. ತಯಾರಾಗಿದ್ದ ನಾವು ಮೂವರೂ ಅರ್ಧ ದಾರಿಯಲ್ಲೇ ಉಸಿರು ಬಿಟ್ಟೆವು. ತಯಾರಿಯಿಲ್ಲದ ಆಯಿ ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿ, ಬಂಡೆಯಿಂದ ಬಂಡೆಗೆ ಕಾಲಿಡುತ್ತ ಮುಂದೆ ಹೋದಳು. ಅಷ್ಟು ತಿಂಗಳು ಮನೆಯೊಳಗೆ ಕಟ್ಟಿಹಾಕಿದ್ದ ಕಾಲುಗಳು ಅಂದು ಬಿಚ್ಚಿಕೊಂಡಿದ್ದವು. ತೇಗದ ಎಲೆಗಳ ಮೇಲೆ ನಡೆಯುವ ಸಪ್ಪಳ, ಎಲ್ಲೋ ಒಳಗಿಂದ ಬರುತ್ತಿದ್ದ ನೀರಿನ ಮೊರೆತ, ಅದರ ಹಿಂದೆಯೇ ಒದ್ದೆ ಕಲ್ಲಿನ, ಪಾಚಿಯ, ಹಸಿ ಮಣ್ಣಿನ ವಾಸನೆ. ಒಂದು ತಿರುವಿನಲ್ಲಿ ಆಯಿ ಥಟ್ಟನೆ ನಿಂತಳು. ನೀರು ಎದ್ದು ನಿಂತಿತ್ತು. ಮನೆಯ ಮೇಲೆ ಮನೆ ಇಟ್ಟಷ್ಟೇನೂ ಇರಲಿಲ್ಲ. ಆದರೂ ಬಿಳಿಯ ಸೀರೆಯನ್ನು ಮಾಳಿಗೆಯಿಂದ ಒಣಗಲು ಬಿಟ್ಟಹಾಗೆ, ಗಾಳಿಗೆ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ. ತುಂತುರು ಆಯಿಯ ವಿಭೂತಿಯನ್ನು ಅಳಿಸಿಹಾಕಿತು. "ಹ್ಞಾಂ," ಎಂದಳು, "ಚಲೋ ಅದ. ಅವನೂ ಬಂದಿದ್ರ ನೋಡತಿದ್ದ. ಪಾಪ, ಹೊಟ್ಟಿ ಹ್ಯಾಂಗಾತೋ ಏನೋ."

ಬುತ್ತಿ ಬಿಚ್ಚುವ ಹೊತ್ತಾಯಿತು. ನಮ್ಮ ಕಡೆ ಎಳ್ಳಮಾಸಿಗೆ ಹೊಲಕ್ಕೆ ಹೋದಾಗ ಉಣ್ಣುವ ಮೊದಲು ಬುತ್ತಿಯ ಒಂದಿಷ್ಟನ್ನು ಭೂಮಿಗೆ ಚೆಲ್ಲುತ್ತಾರೆ, ಚರಗ ಎನ್ನುತ್ತೇವೆ. ಆಯಿಗೆ ಎಳ್ಳಮಾಸಿಯೇ ಆಗಬೇಕೆಂದಿರಲಿಲ್ಲ, ಎಲ್ಲಿ ಬುತ್ತಿ ಬಿಚ್ಚಿದರೂ ಚರಗ ಆಗಲೇಬೇಕು. ಅವಳು ಅವ್ವನ ಗಂಟು ಬಿಚ್ಚಿ ಒಂದು ಹೋಳಿಗೆ ತೆಗೆದಳು, ಕಾಕುವಿನ ಗಂಟು ಬಿಚ್ಚಿ ಒಂದು ಹೋಳಿಗೆ ತೆಗೆದಳು, ಎರಡನ್ನೂ ಕೂಡಿಸಿ ಮುರಿಯಲು ಹೋದವಳು ತಡೆದಳು. ಕಾಕುವಿನ ಹೋಳಿಗೆಯನ್ನು ಮೂಗಿನ ಹತ್ತಿರ ಹಿಡಿದಳು. ಮತ್ತೊಮ್ಮೆ ಹಿಡಿದಳು. ಅದಕ್ಕೆ ಚಿಮಣಿ ಎಣ್ಣೆಯ ವಾಸನೆ ಇತ್ತು.

ಕಾಕುವಿಗೆ ತವರಿನವರು ಒಂದು ಸೀಮೆಎಣ್ಣೆ ಸ್ಟೋವ್ ಕೊಟ್ಟಿದ್ದರು. ಬೇರೆ ಮನೆ ಆದ ದಿನ ಹಚ್ಚಲೆಂದು ಕೊಟ್ಟದ್ದು; ಗೋಣಿತಟ್ಟು ಸುತ್ತಿ ಮಂಚದ ಕೆಳಗಿಟ್ಟಿದ್ದಳು. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಇಷ್ಟು ಪಕ್ಕಾ ಯೋಜನೆ, ನಕಾಶೆ, ಹಗ್ಗ, ಪೀಪಿ, ಬೆವರು ಬರುವ ಹೊಟ್ಟೆನೋವು, ಎಲ್ಲ ಇದ್ದೂ ಆ ಬೆಳಿಗ್ಗೆ ಕಾಕುವಿಗೆ ಒಂದೇ ಒಂದು ದಿನ ತಡೆದುಕೊಳ್ಳಲು ಆಗಲಿಲ್ಲ. ಆಯಿಯ ಬುತ್ತಿಯನ್ನೇ ಆ ಸ್ಟೋವಿನ ಮೇಲೆ ಬೇಯಿಸಿ ಕಟ್ಟಿಬಿಟ್ಟಿದ್ದಳು.

ಆಯಿ ಎರಡು ಹೋಳಿಗೆಗಳನ್ನೂ ಎರಡು ಗಂಟುಗಳಲ್ಲಿ ವಾಪಸು ಇಟ್ಟಳು. "ನೀವು ತಿನ್ರಿ," ಎಂದಳು. ಚರಗ ಚೆಲ್ಲದೆ ಅವಳು ಬುತ್ತಿ ಬಡಿಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಹುಡುಗರು ತಿನ್ನುತ್ತ ನೀರಿಗೆ ಓಡಿದರು. ಆಯಿ ನನ್ನ ಗದ್ದ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು.

"ನಿನಗ ಗೊತ್ತಿತ್ತೇನ ಬೇ?"

"ಏನು ಆಯಿ?"

ಅವಳು ನನ್ನ ಕಣ್ಣುಗಳಲ್ಲಿ ಏನನ್ನು ಹುಡುಕಿದಳೋ, ಅದು ಸಿಕ್ಕಿತೋ ಇಲ್ಲವೋ, ನನಗೆ ತಿಳಿಯಲಿಲ್ಲ. "ಏನಿಲ್ಲ. ಹೋಗು, ನೀರಾಗ ಆಡು," ಎಂದಳು.

ಕೆಳಗೆ ಬಂದಾಗ ಖಾಜಾ ಮಾಮಾ ಜೀಪಿನ ಒಂದು ಗಾಲಿ ಬಿಚ್ಚಿಟ್ಟು ಅದರ ಎದುರು ದುಃಖಿತನಾಗಿ ಕೂತಿದ್ದ. "ಪಂಚರ್ ಹೋಗಯಾ ಅಮ್ಮಾ. ತಡ ಆಗ್ತದ."

"ಗಾಳಿ ತುಂಬಿ ಗಚ್ಚಾಗಿ ಅದಲ್ಲ ಮಾಮಾ," ಎಂದೆ ನಾನು, ಲೀಡರಿನ ಗತ್ತಿನಲ್ಲಿ.

"ಒಳಗಿನ ಪಂಚರ್ ಬೇಟಿ. ಹೊರಗ ಕಾಣಸೂದಿಲ್ಲ."

ಆಯಿ ಒಂದು ಕಲ್ಲಿನ ಮೇಲೆ ಕೂತಳು. "ಖಾಜಾ, ಅವರು ಎಷ್ಟೊತ್ತಿಗಿ ಕರಕೊಂಡು ಬಾ ಅಂದಾರೋ ಅಷ್ಟೊತ್ತಿಗೇ ಬಿಡಪ್ಪಾ. ಸುಮ್ಮ ಗಾಡಿ ಯಾಕ ಬಿಚ್ತಿ?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಖಾಜಾ ಮಾಮಾ ಗಾಲಿಯನ್ನು ನೋಡುತ್ತ, "ಮಾಫ್ ಮಾಡ್ರಿ ಅಮ್ಮಾ," ಎಂದ.

ದೀಪ ಹಚ್ಚುವ ವೇಳೆಗೆ ಮನೆ ಮುಟ್ಟಿದೆವು. ಜೀಪಿನಿಂದ ಮೊದಲು ಇಳಿದು ಓಡಿದವಳು ನಾನು; ನೀರು ಎಷ್ಟು ಎತ್ತರ ಇತ್ತೆಂದು ಕಾಕಾನಿಗೆ ಹೇಳಬೇಕಿತ್ತು. ಬಾಗಿಲಲ್ಲೇ ಆ ವಾಸನೆ ಎದುರಾಯಿತು, ಒದ್ದೆ ಕಲ್ಲಿನದು, ಹಸಿ ಮಣ್ಣಿನದು. ಜಲಪಾತ ನಮ್ಮ ಹಿಂದೆಯೇ ಮನೆಗೆ ಬಂದಿದೆ ಎಂದುಕೊಂಡೆ. ಪಡಸಾಲೆಯ ನಡುವೆ, ಬೇಸಿಗೆಯಲ್ಲಿ ದಾರ ಎಳೆದಿದ್ದ ಅದೇ ಜಾಗದಲ್ಲಿ, ಆಳೆತ್ತರದ ಗೋಡೆ ನಿಂತಿತ್ತು. ಅಪ್ಪನ ಮೊಣಕೈತನಕ ಕೆಸರು. ಕಾಕಾ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ, ಗಟ್ಟಿಮುಟ್ಟಾಗಿ. ಆಯಿ ಒಳಗೆ ಬಂದಳು. ಗೋಡೆಯನ್ನು ನೋಡಲೇ ಇಲ್ಲ. ನೇರ ಕಾಕಾನ ಮುಂದೆ ಹೋಗಿ ನಿಂತಳು.

"ಹೊಟ್ಟಿನೋವು ಕಡಿಮಿ ಆತೇನಪ್ಪಾ?"

ಕಾಕಾ ಚಿಕ್ಕ ಹುಡುಗನಂತೆ ಅಳತೊಡಗಿದ. ಆಯಿ ಅವನನ್ನು ಮುಟ್ಟಲಿಲ್ಲ. ಕಾಲು ತೊಳೆಯಲು ಹಿತ್ತಲಿಗೆ ಹೊರಟಳು; ದಾರಿ ಇರಲಿಲ್ಲ; ಸುತ್ತಿ ಹೋದಳು.

ಗೋಡೆ ಎದ್ದ ಮೇಲೆ ಅಣ್ಣತಮ್ಮಂದಿರ ನಡುವೆ ಸ್ನೇಹ ಮರಳಿತೆಂದು ದಾಖಲಿಸುವುದು ನನ್ನ ಕರ್ತವ್ಯ. ಮಾಳಿಗೆಗೆ ಗೋಡೆ ಇರಲಿಲ್ಲ. ಸಂಜೆ ಇಬ್ಬರೂ ಅಲ್ಲಿ ಕೂತು ತೊಗರಿಯ ಧಾರಣಿ ಮಾತಾಡುತ್ತಿದ್ದರು. ಆಯಿಗೆ ಒಂದು ತಿಂಗಳು ಈ ಕಡೆ, ಒಂದು ತಿಂಗಳು ಆ ಕಡೆ ಪಾಳಿಯಾಯಿತು. ಎಲ್ಲಿದ್ದರೂ ಬಾಗಿಲಲ್ಲಿ ಕೂತಿರುತ್ತಿದ್ದಳು. ಕಾಕಾನೊಡನೆ ನಾನು ಮಾತು ಬಿಡಲಿಲ್ಲ, ಬಿಡುವುದು ಹೇಗೆಂದು ಗೊತ್ತಿರಲಿಲ್ಲ; ಆದರೆ ಅವನು ಯಾವುದಕ್ಕೆ ಕರೆದರೂ ಮೊದಲು ಅವನ ಮುಖ ನೋಡುವುದನ್ನು ಕಲಿತೆ. ಪ್ರೀತಿಸುವವರ ಮುಖವನ್ನು ಹಾಗೆ ನೋಡಬಾರದು. ಅದನ್ನು ಕಲಿಸಿದ್ದಕ್ಕೆ ನಾನು ಅವನನ್ನು ಇನ್ನೂ ಕ್ಷಮಿಸಿಲ್ಲ, ಅವನು ಹೋಗಿ ಎಷ್ಟೋ ಕಾಲವಾಯಿತು. ಅಪ್ಪನೂ ಇಲ್ಲ, ಅವ್ವನೂ ಇಲ್ಲ, ಕಾಕುವೂ ಇಲ್ಲ. ಮನೆಯ ಎರಡು ಅರ್ಧಗಳನ್ನೂ ಒಬ್ಬನೇ ವ್ಯಾಪಾರಿ ಕೊಂಡು, ನಡುವಿನ ಗೋಡೆಯನ್ನು ಒಂದು ಮುಂಜಾನೆಯಲ್ಲಿ ಕೆಡವಿದ.

ಅದಕ್ಕೂ ಎಷ್ಟೋ ವರ್ಷ ಮೊದಲು, ಆಯಿ ಇನ್ನೂ ಇದ್ದಾಗ, ನನ್ನ ಮದುವೆ ಜೇವರ್ಗಿಯಲ್ಲಿ, ಗಂಡಿನ ಮನೆಯಲ್ಲಿ ಆಯಿತು. ದಿಬ್ಬಣದ ಗಾಡಿ ಬಂದು ನಿಂತಾಗ ಆಯಿಯನ್ನು ಕರೆಯಲು ನಾನೇ ಹೋದೆ. ನನ್ನ ಅರಿಷಿಣದ ಕೈಯಿಂದ ಅವಳ ಕೈ ಹಿಡಿದುಕೊಂಡು, "ಏಳು ಆಯಿ," ಎಂದೆ.

"ಎಲ್ಲಾರೂ ಹೊಂಟ್ರ ಮನ್ಯಾಗ ಯಾರು?"

"ಕೀಲಿ ಹಾಕ್ತಾರ."

"ಕೀಲಿ ಹಾಕಿದ ಮನಿ ಒಳಗ ಏನ ಆಗ್ತದ ಯಾರಿಗಿ ಗೊತ್ತು. ನೀ ಹೋಗಿ ಬಾ ಬೇ."

"ನನ್ನ ಮ್ಯಾಲೂ ನಂಬಿಕಿ ಇಲ್ಲೇನು ಆಯಿ?"

"ನಿನ್ನ ಮ್ಯಾಲ ಅದ," ಎಂದಳು. ಸೆರಗಿನಿಂದ ನನ್ನ ಕಣ್ಣು ಒರೆಸಿದಳು, ಹಣೆಗೆ ಕಟ್ಟಿದ ದಂಡಿ ಸರಿಮಾಡಿದಳು, ಗಲ್ಲಕ್ಕೆ ಕೈ ಹಚ್ಚಿ ನೆಟಿಗೆ ಮುರಿದಳು. ಏಳಲಿಲ್ಲ.

ಗಾಡಿ ಹೊರಟಿತು. ಬ್ಯಾಂಡಿನವರು ಊದುತ್ತಿದ್ದರು, ಓಣಿಯವರೆಲ್ಲ ಕಟ್ಟೆಗೆ ಬಂದು ಕೈಬೀಸುತ್ತಿದ್ದರು. ನಾನು ಹಿಂದಿನ ಕಿಟಕಿಯಿಂದ ತಿರುಗಿ ನೋಡಿದೆ. ಆಯಿ ಹೊಸ್ತಿಲ ಮೇಲೆ ಕೂತಿದ್ದಳು. ಓಣಿಗೆ ಬೆನ್ನು ಮಾಡಿ, ಮುಖವನ್ನು ಮನೆಯ ಒಳಗೆ ಹಾಕಿ ಕೂತಿದ್ದಳು.